ಗಂಧ ರೈತನದು, ರೋಗ ಯಾರದು?

ಸ್ಪೈಕ್ ರೋಗ ತಗುಲಿದ ಶ್ರೀಗಂಧದ ಟೊಂಗೆಯನ್ನು ಒಮ್ಮೆ ನೋಡಿದವರು ಮತ್ತೆ ಗುರುತಿಸಲು ತಡವರಿಸುವುದಿಲ್ಲ. ಎಲೆಗಳು ಕಿರಿದಾಗಿ ಹಳದಿಗೆ ತಿರುಗುತ್ತವೆ, ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಕೊನೆಗೆ ಇಡೀ ಟೊಂಗೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಸೆಟೆದುಕೊಳ್ಳುತ್ತದೆ. ಹೂವಿಲ್ಲ, ಕಾಯಿಲ್ಲ. ನಿಜವಾದ ಅನಾಹುತ ನಡೆಯುವುದು ಮಣ್ಣಿನೊಳಗೆ. ಶ್ರೀಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರು, ಲವಣ ಹೀರುತ್ತದೆ. ರೋಗ ಬಲಿತಂತೆ ಆ ಹಿಡಿತ ಕಳಚುತ್ತದೆ. ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ.

ಕೊಡಗಿನಲ್ಲಿ 1899ರಲ್ಲಿ ಮೊದಲು ದಾಖಲಾದ ಈ ರೋಗಕ್ಕೆ ವೈರಸ್ ಕಾರಣವೆಂದೇ ಬಹುಕಾಲ ನಂಬಲಾಗಿತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇರೆಯೇ ಕಥೆ ಹೇಳಿತು: ಕೋಶಭಿತ್ತಿಯೇ ಇಲ್ಲದ, ಆಹಾರ ಸಾಗಿಸುವ ನಾಳಗಳಲ್ಲಿ ಬಿಡಾರ ಹೂಡುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳುಗಳಂಥ ಕೀಟಗಳು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತವೆ. ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಔಷಧ ಕೊಟ್ಟರೆ ಮರ ಕೆಲಕಾಲ ಚಿಗುರುತ್ತದೆ, ಔಷಧದ ಬಲ ಇಳಿದೊಡನೆ ರೋಗ ಮರುಕಳಿಸುತ್ತದೆ. ಹೀಗಾಗಿ ಉಳಿದಿರುವ ದಾರಿ ರೋಗದ ಮರವನ್ನು ಬೇಗ ಕಡಿದು ತೆಗೆಯುವುದು. ತೊಡಕಿರುವುದು ಇಲ್ಲಿಯೇ.

ಟಿಪ್ಪುವಿನ ಕಾಲದಲ್ಲಿ ರಾಜವೃಕ್ಷವಾದ ಶ್ರೀಗಂಧ ಆಮೇಲಿನ ಸರ್ಕಾರಗಳಿಗೂ ತಮ್ಮದೇ ಸೊತ್ತಾಯಿತು. ಜಮೀನು ರೈತನದು, ಮರ ಮಾತ್ರ ಸರ್ಕಾರದ್ದು. ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಕೇಸಿನ ಭಯಕ್ಕೆ ಕಿತ್ತೆಸೆದವರೂ ಇದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿ ಮರದ ಒಡೆತನವನ್ನು ಭೂಮಾಲೀಕನಿಗೆ ಕೊಟ್ಟಿತು. ಸಾಲುಸಾಲಾಗಿ ತೋಟಗಳೆದ್ದವು. ಕಡಿಯಲು ಮಾತ್ರ ಇಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಲೆಕ್ಕ ಹಾಕಿ ನೋಡಿ. ಗಂಧದೆಣ್ಣೆ ಇರುವುದು ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳಿನಲ್ಲಿ. ಅದು ಕಟ್ಟಲು ಸುಮಾರು ಹತ್ತು ವರ್ಷ ಬೇಕು. ಬಲಿತ ಮರಕ್ಕೆ ರೋಗ ಬಂದರೆ ಚೇಗಾದರೂ ಮಾರಾಟಕ್ಕೆ ಉಳಿಯುತ್ತದೆ. ಆರು ವರ್ಷದ ಮರ ಹೋದರೆ ಸಿಗುವುದು ವಾಸನೆಯಿಲ್ಲದ ಬಿಳಿ ಸೌದೆ. ಅಂಥ ಮರವನ್ನು ತಾನೇ ಮುಂದೆ ಬಂದು ತೋರಿಸಲು ರೈತನಿಗೆ ಕಾರಣವೇನು? ಇನ್ನೊಂದು ಮಳೆಗಾಲ ಕಾದು ನೋಡೋಣ ಎಂದುಕೊಳ್ಳುತ್ತಾನೆ. ಹುಳುಗಳು ಕಾಯುವುದಿಲ್ಲ, ಬೇಲಿಯನ್ನೂ ಲೆಕ್ಕಿಸುವುದಿಲ್ಲ.

ಸಸಿಗಳದು ಇನ್ನೂ ಸೂಕ್ಷ್ಮ ವಿಷಯ. ಸೋಂಕು ತಗುಲಿದರೂ ಲಕ್ಷಣ ತೋರದ ಗಿಡ ನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಡಿಎನ್‌ಎ ಪರೀಕ್ಷೆ ಮಾತ್ರ ಅದನ್ನು ಹಿಡಿಯಬಲ್ಲದು. ನರ್ಸರಿಯಲ್ಲಿಯೇ ಆ ಪರೀಕ್ಷೆ ಕಡ್ಡಾಯವಾಗಬೇಕು. ರೋಗದ ಮರವನ್ನು ತೋರಿಸಿದವನಿಗೆ ವಾರದೊಳಗೆ ಕಡಿಯುವ ಅನುಮತಿಯೂ ಎಳೆಯ ಮರಕ್ಕೆ ಪರಿಹಾರವೂ ಸಿಗಬೇಕು. ಆ ಹಣವನ್ನು ರೈತನಿಗೆ ಕೊಡುವ ಕೃಪೆಯೆಂದು ಬಗೆಯಬೇಕಿಲ್ಲ; ಅದು ಉಳಿಸುವುದು ನೆರೆಯವನ ತೋಟವನ್ನು, ಅದರಾಚೆಯ ಕಾಡನ್ನು.