ಹತ್ತು ಮೂಳೆಕಾಯಿಗೆ ಒಪ್ಪಿದ ವೈದ್ಯದೇವರು

ಕಾರಿನ ಗಾಜಿಗೆ ಅಂಟಿಸಿದ ಸ್ಟಿಕ್ಕರ್ ನೋಡಿ ಒಬ್ಬ ಹುಡುಗ ಕೇಳಿದ, "ಡಾಕ್ಟ್ರೇ, ಹಾವಿಗೂ ಔಷಧಿಗೂ ಏನು ಸಂಬಂಧ?" ಕಷ್ಟದ ಪ್ರಶ್ನೆ. ಜೊತೆಗೆ ನನ್ನ ಸ್ಟಿಕ್ಕರ್ರೇ ತಪ್ಪಾಗಿತ್ತು!

ಅದರಲ್ಲಿದ್ದದ್ದು ಎರಡು ಹಾವು, ಮೇಲೆ ರೆಕ್ಕೆ. ಅದು ಹರ್ಮೀಸ್‌ನ ಕೋಲು. ಆತ ಗ್ರೀಕರಲ್ಲಿ ವ್ಯಾಪಾರಿಗಳಿಗೂ ಕಳ್ಳರಿಗೂ ದೇವರು. ಅಮೆರಿಕದ ಸೇನೆಯ ವೈದ್ಯ ವಿಭಾಗ 1902ರಲ್ಲಿ ಆ ಕೋಲನ್ನು ತನ್ನ ಗುರುತಾಗಿ ಮಾಡಿಕೊಂಡ ಮೇಲೆ ಗೊಂದಲ ಜಾಸ್ತಿಯಾಯಿತು. ಬಿಲ್ ಕೊಡುವಾಗ ರೋಗಿಗಳಿಗೆ ಅದೇ ಸರಿ ಅನ್ನಿಸಬಹುದು, ಬಿಡಿ. ನಿಜವಾದ ವೈದ್ಯದೇವರು ಅಸ್ಕ್ಲೀಪಿಯಸ್. ಅವನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು ಅದೇ.

ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಈತ ದೇವರಲ್ಲ, ಒಳ್ಳೆಯ ವೈದ್ಯ ಅಷ್ಟೇ. ಅವನ ಇಬ್ಬರು ಮಕ್ಕಳು ಟ್ರಾಯ್ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಾರೆ. ಆಮೇಲಿನ ಕಥೆಗಳಲ್ಲಿ ಅಪೊಲೊ ದೇವರ ಮಗ. ಉರಿಯುವ ಚಿತೆಯ ಮೇಲಿದ್ದ ತಾಯಿಯ ಹೊಟ್ಟೆಯಿಂದ ಅವನನ್ನು ತೆಗೆದರಂತೆ. ಅರ್ಧ ಕುದುರೆ ಅರ್ಧ ಮನುಷ್ಯನಾದ ಕೈರಾನ್ ವೈದ್ಯ ಕಲಿಸಿದ. ಶಿಷ್ಯ ಸತ್ತವರನ್ನೂ ಬದುಕಿಸಲು ಶುರು ಮಾಡಿದಾಗ ದೇವತೆಗಳ ರಾಜ ಸ್ಯೂಸ್ ಸಿಡಿಲು ಹೊಡೆದು ಕೊಂದ.

ಅವನ ದೊಡ್ಡ ಕ್ಷೇತ್ರ ಗ್ರೀಸಿನ ಎಪಿಡಾರಸ್. ರೋಗಿಗಳು ಸ್ನಾನ ಮಾಡಿ, ಹರಕೆ ಒಪ್ಪಿಸಿ, ರಾತ್ರಿ ಅಬಟಾನ್ ಎಂಬ ಕಟ್ಟಡದಲ್ಲಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬರಬೇಕು. ಅದೇ ಚಿಕಿತ್ಸೆ. ಅಲ್ಲಿ ದೇವರ ಹಾವುಗಳನ್ನೂ ಸಾಕಿದ್ದರು, ಮನುಷ್ಯರಿಗೆ ಏನೂ ಮಾಡದಂಥವು. ವಾಸಿಯಾದವರ ಕಥೆಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. ಅವುಗಳಲ್ಲಿ ಕೆಲವು ಇವತ್ತಿಗೂ ಉಳಿದಿವೆ. ಐದು ವರ್ಷ ಗರ್ಭಿಣಿಯಾಗಿದ್ದ ಹೆಂಗಸಿನ ಕಥೆಯೂ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಕ್ಕಳ ವೈದ್ಯನಾದ ನನಗೆ ಇಷ್ಟವಾದದ್ದು ಯೂಫಾನೀಸ್ ಎಂಬ ಹುಡುಗನದು. ಅವನಿಗೆ ಕಲ್ಲಿನ ಬೇನೆ. ಕನಸಿನಲ್ಲಿ ದೇವರು ಕೇಳಿದ, "ವಾಸಿ ಮಾಡಿದರೆ ನನಗೇನು ಕೊಡ್ತೀಯ?" ಹುಡುಗ ಅಂದ, "ಹತ್ತು ಮೂಳೆಕಾಯಿ." ಕುರಿಯ ಕಾಲಿನ ಗಂಟುಮೂಳೆ ಅದು, ಆಗಿನ ಮಕ್ಕಳಿಗೆ ಅದೇ ಗೋಲಿ. ದೇವರು ನಕ್ಕು, ಆಗಲಿ ಅಂದ. ಬೆಳಗ್ಗೆ ಹುಡುಗ ನೆಟ್ಟಗಾಗಿ ಹೊರಬಂದ. ಸಣ್ಣ ಕಲ್ಲು ತಾನಾಗಿಯೇ ಮೂತ್ರದಲ್ಲಿ ಹೋಗುವುದುಂಟು, ಅದು ನನಗೂ ಗೊತ್ತು. ಆದರೆ ನೋವಿನಲ್ಲಿರುವ ಮಗುವನ್ನು ಮೊದಲು ಮಾತಿಗೆ ಎಳೆಯಬೇಕು ಅನ್ನುವುದು ಆ ಕಥೆ ಕೆತ್ತಿಸಿದವರಿಗೂ ಗೊತ್ತಿತ್ತು, ಅಲ್ವಾ? ಹಾಗಂತ ಈ ದೇವರು ಎಲ್ಲರಿಗೂ ಹೀಗೆ ಧಾರಾಳಿಯಲ್ಲ. ಕುರುಡು ವಾಸಿಯಾದ ಮೇಲೂ ಕಾಣಿಕೆ ಕೊಡದ ಥಾಸೋಸ್ ದ್ವೀಪದ ಒಬ್ಬನನ್ನು ಮತ್ತೆ ಕುರುಡನನ್ನಾಗಿ ಮಾಡಿದ! ಅವನು ವಾಪಸ್ ಬಂದು ಮಲಗಿದ ಮೇಲೆ ಪುನಃ ವಾಸಿ ಮಾಡಿದ.

ನನಗೆ ಜೀರ್ಣವಾಗದ ನಿಯಮ ಒಂದಿದೆ. ಆ ಆವರಣದೊಳಗೆ ಯಾರೂ ಸಾಯುವಂತಿಲ್ಲ, ಹೆರುವಂತಿಲ್ಲ. ಎರಡೂ ಮೈಲಿಗೆ. ತೀರಾ ಹದಗೆಟ್ಟವರಿಗೂ ನೋವು ಶುರುವಾದ ಬಸುರಿಯರಿಗೂ ಬಯಲೇ ಗತಿ. ಪ್ರವಾಸಿ ಪೌಸೇನಿಯಸ್ ಇದನ್ನು ಬರೆದಿಟ್ಟಿದ್ದಾನೆ. ಕ್ರಿ.ಶ. 2ನೇ ಶತಮಾನದಲ್ಲಿ ಆಂಟೊನೈನಸ್ ಎಂಬ ರೋಮನ್ ಶ್ರೀಮಂತ ಅವರಿಗಾಗಿಯೇ ಒಂದು ಮನೆ ಕಟ್ಟಿಸಿದ. ಅಷ್ಟು ಹೊತ್ತಿಗೆ ಆ ಕ್ಷೇತ್ರಕ್ಕೆ ಐನೂರು ವರ್ಷ ದಾಟಿತ್ತು.