ವಾಯ್ಸ್ ರೆಕಾರ್ಡರ್‌ನ ಕಡತಗಳು: ಮೊದಲು ನಕಲು, ಆಮೇಲೆ ಪರಿವರ್ತನೆ

ರೆಕಾರ್ಡರ್‌ನಲ್ಲಿರುವ ಧ್ವನಿಯನ್ನು ಕಂಪ್ಯೂಟರಿಗೆ ತರುವುದು ಒಂದು ಕೆಲಸ, ತಂದದ್ದನ್ನು ಬೇರೆ ಸ್ವರೂಪಕ್ಕೆ (ಫಾರ್ಮ್ಯಾಟ್‌ಗೆ) ಬದಲಿಸುವುದು ಇನ್ನೊಂದು. ಕಲಿಯುವಾಗ ಇವೆರಡನ್ನೂ ಬೆರೆಸಬೇಡಿ. ಬೆರೆಸಿದರೆ ಕಳೆದುಹೋಗುವುದು ಮೂಲ ಕಡತ, ಮತ್ತು ಒಮ್ಮೆ ಆಡಿದ ಮಾತನ್ನು ಅದೇ ದನಿಯಲ್ಲಿ ಮತ್ತೆ ಆಡಿಸಲು ಆಗುವುದಿಲ್ಲ.

ತರುವುದು ಸುಲಭ. ಯುಎಸ್‌ಬಿ ಕೇಬಲ್ ಚುಚ್ಚಿದರೆ ಹೆಚ್ಚಿನ ರೆಕಾರ್ಡರ್‌ಗಳು ಪೆನ್ ಡ್ರೈವ್‌ನ ಹಾಗೆ ಕಾಣಿಸುತ್ತವೆ. ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ; ಬರೀ ಚಾರ್ಜಿಂಗ್‌ಗೆಂದು ಮಾಡಿದ ಕೇಬಲ್‌ಗಳಲ್ಲಿ ಡೇಟಾ ಸಾಗಿಸುವ ತಂತಿಗಳೇ ಇರುವುದಿಲ್ಲ, ಹೊರಗಿನಿಂದ ಅದು ಗೊತ್ತೂ ಆಗುವುದಿಲ್ಲ. ಕಟ್ ಮಾಡದೆ ಕಾಪಿ ಮಾಡಿ. ಎರಡೂ ಕಡೆಯ ಗಾತ್ರ ಹೋಲಿಸಿ, ಕೊನೆಯ ಒಂದು ನಿಮಿಷ ಕೇಳಿ ನೋಡಿ. ರೆಕಾರ್ಡರ್‌ನಲ್ಲಿರುವುದನ್ನು ಅಳಿಸುವ ಮಾತು ಅದಾದ ಮೇಲೆ.

ಈಗ ಸ್ವರೂಪ. ಧ್ವನಿಯನ್ನು ಸಾಮಾನ್ಯವಾಗಿ ಕುಗ್ಗಿಸದೆ ಇಡುವ ವೇವ್ (.wav) ಕಡತ ಯಾಕೆ ಅಷ್ಟು ದೊಡ್ಡದು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್, ಅಂದರೆ ಧ್ವನಿಯನ್ನು ಒಂದು ಕ್ಷಣದಲ್ಲಿ ಅಳೆದ ಬೆಲೆ), ಒಂದೊಂದಕ್ಕೂ 16 ಬಿಟ್ ಅಂದರೆ 2 ಬೈಟ್, ಸ್ಟೀರಿಯೊ ಆದ್ದರಿಂದ 2 ಚಾನಲ್. ಗುಣಿಸಿದರೆ ಸೆಕೆಂಡಿಗೆ 1,76,400 ಬೈಟ್, ಗಂಟೆಗೆ ಸುಮಾರು 635 ಎಂಬಿ. ಅದೇ ಒಂದು ಗಂಟೆ, ಧ್ವನಿಯ ಒಂದಷ್ಟು ಭಾಗ ಬಿಟ್ಟು ಕುಗ್ಗಿಸುವ ಎಂಪಿ3ಯಲ್ಲಿ, 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಲೆಕ್ಕದಲ್ಲಿ, ಸುಮಾರು 58 ಎಂಬಿಗೆ ಇಳಿಯುತ್ತದೆ. ವೇವ್ ಕಡತದ ಗಾತ್ರಕ್ಕೆ 4 ಜಿಬಿಯ ಮಿತಿಯೂ ಇದೆ. ಮೇಲಿನ ವೇಗದಲ್ಲಿ ಆರೂಮುಕ್ಕಾಲು ಗಂಟೆಗೆ ಅದು ತುಂಬುತ್ತದೆ. ದೀರ್ಘ ಧ್ವನಿಮುದ್ರಣ ಎರಡು ಕಡತಗಳಾಗಿ ಸಿಕ್ಕರೆ ಹೆದರಬೇಡಿ, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ಒಂದರ ಹಿಂದೆ ಒಂದು ಜೋಡಿಸಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹೋದ ಧ್ವನಿ ಪರಿವರ್ತನೆಯಿಂದ ಮರಳಿ ಬರುವುದಿಲ್ಲ. ಒಂದು ಉದಾಹರಣೆ ನೋಡಿ. ಹಳೆಯ ಫೋನ್‌ಗಳು ಮಾತು ಉಳಿಸುತ್ತಿದ್ದ ಎಎಂಆರ್ ಸ್ವರೂಪದ ಕಡತದಲ್ಲಿ ಸೆಕೆಂಡಿಗೆ 8,000 ಮಾದರಿಗಳಿರುತ್ತವೆ. ಮಾದರಿಗಳ ಸಂಖ್ಯೆಯ ಅರ್ಧದಷ್ಟು ಆವರ್ತನದವರೆಗೆ (ಸೆಕೆಂಡಿಗೆ ಆಗುವ ಕಂಪನಗಳವರೆಗೆ) ಮಾತ್ರ ಧ್ವನಿ ದಾಖಲಾಗಬಲ್ಲದು, ಅಂದರೆ ಇಲ್ಲಿ 4,000 ಹರ್ಟ್ಸ್. ನಮ್ಮ ‘ಸ’ಕಾರದ ಸೀಟಿಯಂಥ ಸದ್ದು ಬಹುಪಾಲು ಅದಕ್ಕೂ ಮೇಲಿದೆ. ಫೋನಿನಲ್ಲಿ ಹೆಸರು ಕೇಳುವಾಗ ಅದು ‘ಸ’ವೋ ‘ಫ’ವೋ ಎಂದು ಗೊಂದಲವಾಗುವುದು ಇದರಿಂದಲೇ. ಆ ಕಡತವನ್ನು 44,100ರ ವೇವ್ ಮಾಡಿದರೆ ಗಾತ್ರ ಹಿಗ್ಗುತ್ತದೆ, ‘ಸ’ಕಾರ ಮಾತ್ರ ಹಾಗೇ ಮಂಕಾಗಿ ಉಳಿಯುತ್ತದೆ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದರಂತೂ ಪ್ರತಿ ಸಲವೂ ಇನ್ನಷ್ಟು ಸವೆಯುತ್ತದೆ. ಆದ್ದರಿಂದ ಚಿಕ್ಕ ಕಡತ ಬೇಕಾದಾಗಲೆಲ್ಲ ಮೂಲದಿಂದಲೇ ಮಾಡಿಕೊಳ್ಳಿ.

ಕಡತದ ಹೆಸರಿನ ಬಾಲ (.wav, .mp3) ತಿದ್ದುವುದು ಪರಿವರ್ತನೆ ಅಲ್ಲ. ಡಬ್ಬಿಯ ಚೀಟಿ ಬದಲಾಯಿತು, ಒಳಗಿನದು ಅದೇ.

ಸಾಧನಗಳಲ್ಲಿ ನನ್ನ ಆಯ್ಕೆ ಆಡಾಸಿಟಿ. ಅದು ಉಚಿತ, ಮತ್ತು ಧ್ವನಿಯ ಅಲೆ ಕಣ್ಣಿಗೆ ಕಾಣುವುದರಿಂದ ಕಲಿಯುವವರಿಗೆ ಅನುಕೂಲ. ವೇವ್, ಎಂಪಿ3 ನೇರವಾಗಿ ತೆರೆಯುತ್ತವೆ. ಡಬ್ಲ್ಯುಎಂಎ (ಮೈಕ್ರೋಸಾಫ್ಟ್‌ನ ಧ್ವನಿ ಸ್ವರೂಪ), ಎಎಂಆರ್‌ಗಳಿಗೆ ಎಫ್‌ಎಫ್‌ಎಂಪೆಗ್ (FFmpeg) ಎಂಬ ಪೂರಕ ಲೈಬ್ರರಿ ಸೇರಿಸಿಕೊಳ್ಳಬೇಕು. ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ. ಬರೀ ಮಾತಾಗಿದ್ದರೆ ಮೋನೊ (ಒಂದೇ ಚಾನಲ್), 64 ಕೆಬಿಪಿಎಸ್‌ನ ಎಂಪಿ3 ಸಾಕು, ಗಂಟೆಗೆ 29 ಎಂಬಿಯೊಳಗೆ ಮುಗಿಯುತ್ತದೆ. ಸಂಗೀತಕ್ಕೆ ಇದು ಸಾಲದು. ಏನನ್ನೂ ಕಳೆದುಕೊಳ್ಳದೆ ಜಾಗ ಉಳಿಸಬೇಕಿದ್ದರೆ ಫ್ಲಾಕ್ (FLAC) ಎಂಬ ಸ್ವರೂಪ ಇದೆ.

ಕೆಲವು ಹಳೆಯ ಸೋನಿ ರೆಕಾರ್ಡರ್‌ಗಳ ಡಿವಿಎಫ್, ಒಲಿಂಪಸ್ ಮತ್ತು ಫಿಲಿಪ್ಸ್‌ನವರ ಡಿಎಸ್‌ಎಸ್ ಕಡತಗಳ ಕತೆ ಬೇರೆ. ಸಾಮಾನ್ಯ ಪ್ಲೇಯರ್‌ಗಳಿಗೆ ಇವು ದಕ್ಕುವುದು ಕಷ್ಟ. ತಯಾರಕರದೇ ಸಾಫ್ಟ್‌ವೇರ್‌ನಲ್ಲಿ ತೆರೆದು ವೇವ್ ಆಗಿ ಉಳಿಸಿಕೊಳ್ಳಬೇಕು. ಇಲ್ಲಿ ಪರಿವರ್ತನೆಯನ್ನು ಮುಂದೂಡಬೇಡಿ. ಹೊಸ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ಓಡದಿದ್ದರೆ ಕಡತ ಕೈಯಲ್ಲಿದ್ದೂ ಮಾತು ಕೇಳಿಸದು.

ಇನ್ನು ಯಾವ ಕಡತ ಯಾವುದೆಂದು ಗುರುತಿಡುವುದು. ಬ್ಯಾಟರಿ ತೆಗೆದಾಗ ಎಷ್ಟೋ ರೆಕಾರ್ಡರ್‌ಗಳ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ, ಕಡತದ ಮೇಲೆ ತಪ್ಪು ದಿನಾಂಕ ಬೀಳುತ್ತದೆ. ಧ್ವನಿಮುದ್ರಣ ಶುರುವಾದಾಗ ದಿನಾಂಕ, ವಿಷಯ, ಮಾತಾಡುವವರ ಹೆಸರನ್ನು ಬಾಯಲ್ಲೇ ಹೇಳಿಬಿಡಿ. ಸ್ವರೂಪ ಎಷ್ಟು ಸಲ ಬದಲಾದರೂ ಅದು ಕಡತದ ಒಳಗೇ ಇರುತ್ತದೆ.