ಪುಸ್ತಕವೋ, ಪ್ರದರ್ಶನವೋ? ಫೋಟೊ ಪುಸ್ತಕದ ಗೊಂದಲ ಶುರುವಾದದ್ದೆಲ್ಲಿ

ಫೋಟೊ ಪುಸ್ತಕ ಅಂದರೆ ಒಂದು ಕಾಲಕ್ಕೆ ಮದುವೆ ಆಲ್ಬಂ, ಇಲ್ಲವೇ ಹುಲಿ-ಆನೆಗಳ ದಪ್ಪ ಪುಸ್ತಕ. ಈಗ ಹಾಗಿಲ್ಲ. ಪುಟ ತಿರುವಿದರೆ ಯಾರದೋ ಪತ್ರದ ನಕಲು ಜಾರಿ ಬೀಳುತ್ತದೆ. ಫೋಟೊ ಮೇಲೆ ಶಾಯಿಯ ಚಿತ್ರ ಇರುತ್ತದೆ. ಕೆಲವಕ್ಕೆ ಹೊಲಿಗೆಯೇ ಇಲ್ಲ, ಪೆಟ್ಟಿಗೆ ಇದೆ. ಇದು ಪುಸ್ತಕವೋ, ಕಲಾಕೃತಿಯೋ? ಬೆಲೆ ಎಷ್ಟು, ಯಾವ ಕಪಾಟು, ಯಾರು ಮುಟ್ಟಬಹುದು ಎಂಬುದೆಲ್ಲ ಇದರ ಮೇಲೇ ನಿಂತಿದೆ.

ಪುಸ್ತಕ, ಕಲೆಗಳ ಈ ಬೆರಕೆ ಹೊಸದೇನಲ್ಲ. 1843ರಲ್ಲಿ ಇಂಗ್ಲೆಂಡಿನ ಆನಾ ಅಟ್ಕಿನ್ಸ್ ಕಡಲ ಪಾಚಿಗಳನ್ನು ರಾಸಾಯನಿಕ ಹಚ್ಚಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀಲಿ ಹಾಳೆಗಳ ಪುಸ್ತಕ ಶುರು ಮಾಡಿದರು. ಅವರ ಕೈಬರಹವೂ ಅದೇ ಬಿಸಿಲಲ್ಲಿ ಅಚ್ಚಾಯಿತು. 1923ರಲ್ಲಿ ಮಾಸ್ಕೋದ ಕಲಾವಿದ ರೊಡ್ಚೆಂಕೊ ಫೋಟೊ ಕತ್ತರಿಸಿ ಅಂಟಿಸಿ ಮಯಕೋವ್‌ಸ್ಕಿಯ ಕವಿತೆಗೆ ಜೊತೆ ಮಾಡಿದರು. 1963ರಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ 26 ಪೆಟ್ರೋಲ್ ಬಂಕ್‌ಗಳ ಫೋಟೊಗಳನ್ನು ಪುಸ್ತಕ ಮಾಡಿದರು. 400 ಪ್ರತಿ, ಬೆಲೆ ಸುಮಾರು 3 ಡಾಲರ್. ಅಲ್ಲಿನ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ವಾಪಸ್ ಕಳಿಸಿತು. ರುಶೇ ಅದನ್ನೇ ಜಾಹೀರಾತು ಮಾಡಿಕೊಂಡರು! ಇವತ್ತು ಆ ಮೊದಲ ಮುದ್ರಣಕ್ಕೆ ಸಾವಿರಾರು ಡಾಲರ್.

ನಮ್ಮಲ್ಲಿ ಈ ಕಥೆ ತಿರುವು ಪಡೆದದ್ದು ದೆಹಲಿಯ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರಿಂದ. ಗೆಳೆಯರ ಜೊತೆ ಊರೂರು ತಿರುಗಿದಾಗ ತೆಗೆದ ಚಿಕ್ಕ ಚಿಕ್ಕ ಫೋಟೊಗಳನ್ನು ಅವರು ಹಿಂದೆ ಮುಂದೆ ಮಡಚಿದ ಮಡಿಕೆ ಹಾಳೆಗೆ ಅಂಟಿಸುತ್ತಿದ್ದರು. ಒಂದು ಪ್ರತಿ ಗೆಳೆಯರಿಗೆ, ಒಂದು ತಮ್ಮ ಅಡುಗೆಮನೆಯ ಗಾಜಿನ ಕಪಾಟಿಗೆ. 2008ರಲ್ಲಿ ಜರ್ಮನಿಯ ಶ್ಟೈಡಲ್ ಪ್ರಕಾಶನ ಅಂಥ ಏಳನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ತಂದಿತು. ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರೆ ಮನೆಯಲ್ಲೇ ಪ್ರದರ್ಶನ. ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್‌ನಲ್ಲಿ ಒಂದು ಒಡವೆ ಅಂಗಡಿಯ ಕಿಟಕಿಯಲ್ಲೂ ಇವು ನಿಂತವು. 2017ರಲ್ಲಿ ಒಂಬತ್ತು ಮಡಿಕೆ ಪುಸ್ತಕಗಳ ಇನ್ನೊಂದು ಪೆಟ್ಟಿಗೆ ಬಂತು. ಪ್ಯಾರಿಸ್‌ನಲ್ಲಿ ಅದಕ್ಕೆ ವರ್ಷದ ಫೋಟೊ ಪುಸ್ತಕ ಪ್ರಶಸ್ತಿಯೂ ಸಿಕ್ಕಿತು.

ಈ ಮಡಿಕೆ ಕನ್ನಡದವರಿಗೆ ಹೊಸದಲ್ಲ. ಕಡತ ಅಂದರೆ ಈಗ ಬರೀ ಆಫೀಸಿನ ಫೈಲು. ಮೊದಲು ಅದು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸ ಓದಿದವರಿಗೆ ಗೊತ್ತು. ದಯಾನಿತಾ 2013ರಲ್ಲಿ ತಂದ ಪುಸ್ತಕದ ತುಂಬ ಇರುವುದು ಗಂಟು ಕಟ್ಟಿದ ಸರ್ಕಾರಿ ಕಡತಗಳ ಫೋಟೊ! ಕಾಕತಾಳೀಯವೇ ಇರಲಿ, ಚೆನ್ನಾಗಿದೆ ಅಲ್ವಾ?

ಫೋಟೊ ಮೇಲೆ ಕೈ ಆಡಿಸುವುದೂ ನಮಗೆ ಹಳೆಯದೇ. ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೊದಲ್ಲಿ ಸೀರೆಗೆ ಮಾತ್ರ ಗುಲಾಬಿ ಬಣ್ಣ ಬಳಿಸಿದ ಮನೆಗಳು ಎಷ್ಟಿಲ್ಲ! 2013ರಿಂದ ಛಾಯಾಗ್ರಾಹಕಿ ಗೌರಿ ಗಿಲ್ ಮತ್ತು ವಾರ್ಲಿ ಬುಡಕಟ್ಟಿನ ಕಲಾವಿದ ರಾಜೇಶ್ ವಾಂಗಡ್ ಮಾಡುತ್ತಿರುವುದು ಇದಕ್ಕಿಂತ ಗಟ್ಟಿ ಕೆಲಸ. ವಾಂಗಡ್ ಅವರ ಊರು ಮಹಾರಾಷ್ಟ್ರದ ಗಂಜಾಡ್. ಅವರು ತೋರಿಸಿದ ಜಾಗಗಳ ಫೋಟೊ ಗಿಲ್ ತೆಗೆದರು. ಆದರೆ ವಾಂಗಡ್ ಹೇಳಿದ ಕಥೆಗಳು ಫೋಟೊಗಳಲ್ಲಿ ಬಂದಿರಲಿಲ್ಲ. ಆಗ ಅವರು ಅದೇ ಫೋಟೊಗಳ ಮೇಲೆ ಶಾಯಿಯಲ್ಲಿ ಬಿಡಿಸತೊಡಗಿದರು.

ಇಂಥ ಪುಸ್ತಕಕ್ಕೆ ಕೈಕೆಲಸ ಜಾಸ್ತಿ. ಮಡಚುವುದು, ಅಂಟಿಸುವುದು, ಒಳಗೆ ಚೀಟಿ ಇಡುವುದು, ಎಷ್ಟನ್ನು ಯಂತ್ರ ಮಾಡೀತು? ಹಾಗಾಗಿ ಪ್ರತಿ ಕಡಿಮೆ, ಬೆಲೆ ಏರುತ್ತದೆ. ಬೆಲೆ ಏರಿದರೆ ಸಂಗ್ರಹಕಾರರು ಬರುತ್ತಾರೆ. ಲೈಬ್ರರಿಯವರು ಬೀಗ ಹಾಕುತ್ತಾರೆ, ಅವರದೂ ತಪ್ಪಲ್ಲ. ಗ್ಯಾಲರಿಯ ಗೋಡೆ ಬೇಡ, ಕೈಗೇ ಸಿಗಲಿ ಎಂದು ಹೊರಟ ಪುಸ್ತಕ ಹೀಗೆ ಕೈಗೇ ಸಿಗದಂತಾಯಿತು.

ಒಂದು ಪ್ರದರ್ಶನದಲ್ಲಿ ಇಂಥದೊಂದು ಮಡಿಕೆ ಪುಸ್ತಕ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ ಎರಡು ಪುಟ ಮಾತ್ರ ಬಿಚ್ಚಿಟ್ಟಿದ್ದರು. ಉಳಿದವು ಹೇಗಿವೆ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ ತನ್ನ ಮೊಬೈಲ್ ತೆಗೆದು ತೋರಿಸಿದ.